ವಿಮಾನ ಕಂಪನಿಗಳ ‘ಫ್ರೀ ಟಿಕೆಟ್’ ಪಾಯಿಂಟ್: ಹೇಗೆ ಸಿಗುತ್ತೆ, ಎಷ್ಟು ಬಾಳುತ್ತೆ, ಯಾರಿಗೆ ಲಾಭ? ಇಲ್ಲಿದೆ ಪೂರ್ಣ ಮಾಹಿತಿ

ಮಗ ದುಬೈಯಲ್ಲಿ, ಮಗಳು ಬೆಂಗಳೂರಲ್ಲಿ, ಬೀಗರು ಮುಂಬೈಯಲ್ಲಿ. ತಾಲೂಕು ಕೇಂದ್ರಗಳ ಎಷ್ಟೋ ಮನೆಗಳಿಗೆ ವಿಮಾನ ಈಗ ದೂರದ ಮಾತಲ್ಲ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಜೊತೆಗೆ 2019ರಲ್ಲಿ ಕಲಬುರಗಿ, 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣಗಳೂ ಶುರುವಾದವು. ಸಿಮೆಂಟ್, ಪೇಂಟ್, ಬಿತ್ತನೆ ಬೀಜದ ಕಂಪನಿಗಳು ಹೆಚ್ಚು ಮಾಲು ಮಾರಿದ ಡೀಲರ್‌ಗಳನ್ನು ಬ್ಯಾಂಕಾಕ್, ದುಬೈ ಟೂರಿಗೆ ಕರೆದೊಯ್ಯುವುದೂ ಹಳೇ ಸುದ್ದಿಯೇ.

ಟಿಕೆಟ್ ಬುಕ್ ಮಾಡುವಾಗ ಒಂದು ಖಾಲಿ ಜಾಗ ಕಾಣುತ್ತದೆ: ‘ಫ್ರೀಕ್ವೆಂಟ್ ಫ್ಲೈಯರ್ ನಂಬರ್’. ಹೆಚ್ಚಿನವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಇನ್ನೊಂದು ಕಡೆ, ‘ಈ ಕ್ರೆಡಿಟ್ ಕಾರ್ಡ್ ತಗೊಳ್ಳಿ, ವರ್ಷಕ್ಕೊಂದು ವಿಮಾನ ಟಿಕೆಟ್ ಫ್ರೀ’ ಅಂತ ಫೋನ್ ಬರುತ್ತದೆ. ಅದನ್ನು ನಂಬಿ ಕಾರ್ಡ್ ತೆಗೆದುಕೊಂಡವರೂ ಇದ್ದಾರೆ. ಎರಡರ ಹಿಂದೆಯೂ ಇರುವುದು ಒಂದೇ ವ್ಯವಸ್ಥೆ. ಅದು ಹೇಗೆ ನಡೆಯುತ್ತದೆ, ಅದರಲ್ಲಿ ಗಿರಾಕಿಯ ಪಾಲೆಷ್ಟು ಎಂಬ ವಿವರ ಇಲ್ಲಿದೆ.

ಏನಿದು ಫ್ರೀಕ್ವೆಂಟ್ ಫ್ಲೈಯರ್?

ಸರಳವಾಗಿ ಹೇಳುವುದಾದರೆ, ಮತ್ತೆ ಮತ್ತೆ ಬರುವ ಗಿರಾಕಿಗೆ ವಿಮಾನ ಕಂಪನಿ ಕೊಡುವ ಇನಾಮು. ಒಂದೇ ಕಂಪನಿಯ ವಿಮಾನದಲ್ಲಿ ಓಡಾಡಿದಷ್ಟೂ ಪ್ರಯಾಣಿಕರ ಖಾತೆಗೆ ಪಾಯಿಂಟ್ ಸೇರುತ್ತದೆ. ಕೆಲವು ಕಂಪನಿಗಳು ಇದನ್ನೇ ‘ಮೈಲ್’ ಎನ್ನುತ್ತವೆ. ಸಾಕಷ್ಟು ಪಾಯಿಂಟ್ ಕೂಡಿದ ಮೇಲೆ ಅದನ್ನು ಕೊಟ್ಟು ಟಿಕೆಟ್ ಪಡೆಯಬಹುದು, ಇಲ್ಲವೇ ಎಕಾನಮಿಯಿಂದ ಬಿಸಿನೆಸ್ ಕ್ಲಾಸಿಗೆ ಬಡ್ತಿ ಪಡೆಯಬಹುದು.

ಸದಸ್ಯತ್ವಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಕಂಪನಿಯ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್, ಇ–ಮೇಲ್ ಕೊಟ್ಟರೆ ಸದಸ್ಯತ್ವದ ಸಂಖ್ಯೆ ಸಿಗುತ್ತದೆ. ಬುಕಿಂಗ್ ಮಾಡುವಾಗ ಆ ಸಂಖ್ಯೆ ಹಾಕಿದರೆ ಪ್ರಯಾಣ ಮುಗಿದ ಕೆಲವು ದಿನಗಳಲ್ಲಿ ಪಾಯಿಂಟ್ ಜಮೆ ಆಗುತ್ತದೆ.

ಹತ್ತು ಸಲ ಮಾಲು ತಗೊಂಡ ಗಿರಾಕಿಗೆ ಹನ್ನೊಂದನೇ ಸಲ ಅಂಗಡಿಯವರು ರಿಯಾಯಿತಿ ಕೊಡುವುದಿಲ್ಲವೇ? ಹಾಗೇ ಇದೂ. ಒಂದು ವ್ಯತ್ಯಾಸ ಇದೆ. ಅಂಗಡಿಯವರು ರೂಪಾಯಿ ಲೆಕ್ಕದಲ್ಲೇ ರಿಯಾಯಿತಿ ಕೊಡುತ್ತಾರೆ. ವಿಮಾನ ಕಂಪನಿ ತನ್ನದೇ ‘ನಾಣ್ಯ’ ಟಂಕಿಸಿ ಕೊಡುತ್ತದೆ. ಆ ನಾಣ್ಯಕ್ಕೆ ಎಷ್ಟು ಬೆಲೆ ಎಂದು ತೀರ್ಮಾನಿಸುವುದೂ ಅದೇ ಕಂಪನಿ. ಇಡೀ ವಿಷಯದ ಗುಟ್ಟು ಇಲ್ಲಿದೆ.

ಶುರುವಾದದ್ದು ಅಮೆರಿಕದಲ್ಲಿ

1978ಕ್ಕೆ ಮುಂಚೆ ಅಮೆರಿಕದಲ್ಲಿ ಯಾವ ಕಂಪನಿ ಯಾವ ಮಾರ್ಗದಲ್ಲಿ ಹಾರಬೇಕು, ಎಷ್ಟು ದರ ತಗೊಳ್ಳಬೇಕು ಎಂಬುದನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ಆ ವರ್ಷ ಹೊಸ ಕಾಯ್ದೆ ಬಂದು ಈ ನಿಯಂತ್ರಣ ಸಡಿಲವಾಯಿತು. ಹೊಸ ಕಂಪನಿಗಳು ಬಂದವು, ದರ ಸಮರ ಶುರುವಾಯಿತು. ಇವತ್ತು ಇಲ್ಲಿ ಹತ್ತಿದ ಪ್ರಯಾಣಿಕ ನಾಳೆ ಹತ್ತು ಡಾಲರ್ ಕಡಿಮೆ ಅಂತ ಪಕ್ಕದ ಕಂಪನಿಗೆ ಹೋಗಿಬಿಡುತ್ತಿದ್ದ.

ಅವನನ್ನು ಹಿಡಿದಿಟ್ಟುಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ‘ಅಡ್ವಾಂಟೇಜ್’ ಎಂಬ ಕಾರ್ಯಕ್ರಮ ಆರಂಭಿಸಿತು. ಹೆಚ್ಚು ಓಡಾಡುವವರು ಯಾರೆಂದು ಗೊತ್ತುಮಾಡಿಕೊಳ್ಳಲು ತನ್ನ ಬುಕಿಂಗ್ ಕಂಪ್ಯೂಟರಿನಲ್ಲಿ ಪದೇ ಪದೇ ಬರುವ ಫೋನ್ ನಂಬರ್‌ಗಳನ್ನು ಹುಡುಕಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ತನ್ನ ‘ಮೈಲೇಜ್ ಪ್ಲಸ್’ ತಂದಿತು. ಉಳಿದ ಕಂಪನಿಗಳೂ ಸುಮ್ಮನೆ ಕೂರಲಿಲ್ಲ.

ಐಡಿಯಾ ಅಷ್ಟೇನೂ ಹೊಸದಲ್ಲ. ಅಮೆರಿಕದ ಅಂಗಡಿ‌ಗಳಲ್ಲಿ 1896ರಿಂದಲೇ ‘ಗ್ರೀನ್ ಸ್ಟ್ಯಾಂಪ್’ ಪದ್ಧತಿ ಇತ್ತು. ಸಾಮಾನು ಕೊಂಡರೆ ಸಣ್ಣ ಹಸಿರು ಚೀಟಿ ಸಿಗುತ್ತಿತ್ತು. ಅದನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಕೊಟ್ಟು ಪಾತ್ರೆ ಪಗಡ ತರಬಹುದಿತ್ತು. ವಿಮಾನ ಕಂಪನಿಗಳು ಆ ಪುಸ್ತಕವನ್ನೇ ಕಂಪ್ಯೂಟರಿಗೆ ಹಾಕಿದವು ಎನ್ನಬಹುದು.

ಕಂಪನಿಗೆ ಇದು ಹೇಗೆ ಗಿಟ್ಟುತ್ತೆ?

ಹೂವಿನ ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಒಂಬತ್ತಕ್ಕೆ ಉಳಿದ ಮಲ್ಲಿಗೆ ಬೆಳಗ್ಗೆ ಕಸ. ವಿಮಾನದ ಸೀಟೂ ಅಷ್ಟೇ. ವಿಮಾನ ಮೇಲೇರಿತು ಅಂದರೆ ಖಾಲಿ ಸೀಟಿನ ಬೆಲೆ ಸೊನ್ನೆ. ಹೇಗೂ ಖಾಲಿ ಹೋಗುವ ಸೀಟಿನಲ್ಲಿ ಒಬ್ಬರನ್ನು ಕೂರಿಸಿದರೆ ಕಂಪನಿಗೆ ಆಗುವ ಹೆಚ್ಚುವರಿ ಖರ್ಚು ತೀರಾ ಕಡಿಮೆ: ಒಂದಿಷ್ಟು ಇಂಧನ, ಒಂದು ಊಟ. ಪ್ರಯಾಣಿಕರ ಕಣ್ಣಿಗೆ ಮಾತ್ರ ಅದು ಸಾವಿರಾರು ರೂಪಾಯಿಯ ಟಿಕೆಟ್. ಕೊಡುವವರಿಗೆ ಅಗ್ಗ, ತಗೊಳ್ಳುವವರಿಗೆ ದುಬಾರಿ ವಸ್ತು. ಇನಾಮು ಕೊಡಲು ಇದಕ್ಕಿಂತ ಒಳ್ಳೆಯದು ಸಿಗದು.

ಹಾಗಾಗಿಯೇ ಪಾಯಿಂಟ್ ಟಿಕೆಟ್‌ಗಳು ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ರಜೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಪಾಯಿಂಟ್ ಹೆಚ್ಚು ಕೇಳುತ್ತವೆ. ದುಡ್ಡಿಗೇ ಸೀಟು ಹೋಗುವಾಗ ಪಾಯಿಂಟಿಗೆ ಯಾರು ಕೊಡುತ್ತಾರೆ?

ಇದು ಅರ್ಧ ಲೆಕ್ಕ. ಉಳಿದರ್ಧ ಬ್ಯಾಂಕುಗಳದ್ದು. 1987ರಲ್ಲಿ ಸಿಟಿಬ್ಯಾಂಕ್, ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ಕ್ರೆಡಿಟ್ ಕಾರ್ಡ್ ತಂದಿತು. ಕಾರ್ಡ್ ಉಜ್ಜಿ ಏನೇ ಕೊಂಡರೂ ವಿಮಾನದ ಮೈಲ್ ಸಿಗುವ ಹಾಗಾಯಿತು. ಆ ಮೈಲ್‌ಗಳನ್ನು ಬ್ಯಾಂಕ್ ವಿಮಾನ ಕಂಪನಿಯಿಂದ ದುಡ್ಡು ಕೊಟ್ಟು ಕೊಳ್ಳುತ್ತದೆ. ಅಂದರೆ ಕಂಪನಿ ತಾನೇ ಟಂಕಿಸಿದ ನಾಣ್ಯವನ್ನು ರೊಕ್ಕಕ್ಕೆ ಮಾರುತ್ತದೆ. ಡೆಲ್ಟಾ ಏರ್‌ಲೈನ್ಸ್‌ಗೆ ಅಮೆರಿಕನ್ ಎಕ್ಸ್‌ಪ್ರೆಸ್ ಜೊತೆಗಿನ ಒಪ್ಪಂದದಿಂದ 2024ರ ಒಂದೇ ವರ್ಷ ಬಂದ ಹಣ ಸುಮಾರು 740 ಕೋಟಿ ಡಾಲರ್.

ಕೋವಿಡ್ ಸಮಯದಲ್ಲಿ ಇದರ ನಿಜವಾದ ತೂಕ ಜಗತ್ತಿಗೆ ಗೊತ್ತಾಯಿತು. 2020ರಲ್ಲಿ ವಿಮಾನಗಳು ನಿಂತಲ್ಲೇ ನಿಂತಾಗ ಯುನೈಟೆಡ್ ಕಂಪನಿ ಸಾಲ ಎತ್ತಲು ಅಡ ಇಟ್ಟದ್ದು ಮೈಲೇಜ್ ಪ್ಲಸ್ ಕಾರ್ಯಕ್ರಮವನ್ನು. ಆ ಕಾರ್ಯಕ್ರಮದ ಬೆಲೆ ಸುಮಾರು 2,200 ಕೋಟಿ ಡಾಲರ್ ಎಂದು ಕಂಪನಿಯೇ ಅಂದಾಜು ಕೊಟ್ಟಿತ್ತು. ಡೆಲ್ಟಾ ತನ್ನ ಸ್ಕೈಮೈಲ್ಸ್ ಅಡ ಇಟ್ಟು 900 ಕೋಟಿ ಡಾಲರ್ ತಂದಿತು.

ಅಂಗಡಿಯವರ ಜೇಬಿಗೂ ಇದೆ ಸಂಬಂಧ

ಬ್ಯಾಂಕಿಗೆ ಮೈಲ್ ಕೊಳ್ಳುವ ದುಡ್ಡು ಎಲ್ಲಿಂದ ಬರುತ್ತೆ? ಕಾರ್ಡಿನ ವಾರ್ಷಿಕ ಶುಲ್ಕ, ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿ, ಇವೆರಡು ಒಂದು ಕಡೆ. ಇನ್ನೊಂದು ಕಡೆ ಅಂಗಡಿಯ ಸ್ವೈಪ್ ಮೆಷಿನ್ ಇದೆ. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರ ಖಾತೆಗೆ ಪೂರ್ತಿ ಹಣ ಬರುವುದಿಲ್ಲ. ಎಂಡಿಆರ್ ಎಂಬ ಹೆಸರಿನಲ್ಲಿ ಒಂದು ಪಾಲು ಕಡಿತವಾಗುತ್ತದೆ. ಆ ಪಾಲಿನ ದೊಡ್ಡ ಭಾಗ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಗಿರಾಕಿಗೆ ಸಿಗುವ ರಿವಾರ್ಡ್ ಪಾಯಿಂಟ್ ಹುಟ್ಟುವುದು ಹೀಗೆ.

ಬ್ಯಾಂಕ್ ಖಾತೆಯಿಂದ ಮಾಡುವ ಸಾಮಾನ್ಯ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ 2020ರ ಜನವರಿಯಿಂದ ಈ ಕಡಿತ ಇಲ್ಲ. ಹಾಗಾಗಿ ಅವುಗಳ ಮೇಲೆ ದೊಡ್ಡ ಪಾಯಿಂಟ್ ಆಫರ್‌ಗಳೂ ಕಾಣುವುದು ಅಪರೂಪ. ಟಿವಿ, ಫ್ರಿಡ್ಜ್, ಚಿನ್ನದ ಅಂಗಡಿಗಳಲ್ಲಿ ಗಿರಾಕಿ ‘ಕಾರ್ಡೇ ತಗೊಳ್ಳಿ, ಪಾಯಿಂಟ್ ಬರುತ್ತೆ’ ಎಂದು ಹಟ ಹಿಡಿದರೆ ಆ ಪಾಯಿಂಟಿನ ಖರ್ಚಿನಲ್ಲಿ ಅಂಗಡಿಯವರ ಪಾಲೂ ಇದೆ ಎಂದೇ ಅರ್ಥ. ತಮ್ಮ ಮೆಷಿನ್ ಕೊಟ್ಟ ಬ್ಯಾಂಕಿನಿಂದ ಕಡಿತದ ದರ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳುವುದು ವ್ಯಾಪಾರಿಗಳಿಗೆ ಒಳ್ಳೆಯದು.

ದೂರದ ಲೆಕ್ಕ ಹೋಗಿ ದುಡ್ಡಿನ ಲೆಕ್ಕ ಬಂತು

ಮೊದಲು ಎಷ್ಟು ದೂರ ಹಾರಿದರೋ ಅಷ್ಟು ಮೈಲ್ ಸಿಗುತ್ತಿತ್ತು. ಅಗ್ಗದ ಟಿಕೆಟ್ ತಗೊಂಡು ದೂರ ಹೋದವರಿಗೆ ಅದು ಸುಗ್ಗಿ. ಕಂಪನಿಗಳು ಈ ಬಾಗಿಲನ್ನು ಮುಚ್ಚಿದವು. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ಟಿಕೆಟ್‌ಗೆ ಕೊಟ್ಟ ಹಣದ ಮೇಲೆ ಮೈಲ್ ಕೊಡುವ ಪದ್ಧತಿಗೆ ಬಂದವು. ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ಇದೇ ದಾರಿ ಹಿಡಿಯಿತು.

ಪರಿಣಾಮ ಸ್ಪಷ್ಟ. ಆರು ತಿಂಗಳ ಮುಂಚೆ ಅಗ್ಗದ ಟಿಕೆಟ್ ಹಿಡಿದು ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ಪಾಯಿಂಟ್ ಕಡಿಮೆ. ಕಂಪನಿ ಖರ್ಚಿನಲ್ಲಿ ಕೊನೆಗಳಿಗೆಯ ದುಬಾರಿ ಟಿಕೆಟ್ ತಗೊಂಡು ವಾರಕ್ಕೊಮ್ಮೆ ಹಾರುವವರಿಗೆ ಹೆಚ್ಚು.

ಪಾಯಿಂಟ್ ಬೇರೆ, ಸ್ಟೇಟಸ್ ಬೇರೆ

ಇವೆರಡನ್ನು ಒಂದೇ ಅಂತ ತಿಳಿಯುವವರು ಬಹಳ. ಪಾಯಿಂಟ್ ಅಂದರೆ ಖರ್ಚು ಮಾಡಬಹುದಾದ ಗಂಟು. ಸ್ಟೇಟಸ್ ಅಂದರೆ ದರ್ಜೆ: ಸಿಲ್ವರ್, ಗೋಲ್ಡ್, ಪ್ಲಾಟಿನಂ ಹೀಗೆ. ಒಂದು ವರ್ಷದಲ್ಲಿ ಇಷ್ಟು ಪ್ರಯಾಣ ಅಥವಾ ಇಷ್ಟು ಖರ್ಚು ಆದರೆ ದರ್ಜೆ ಸಿಗುತ್ತದೆ. ಮುಂದಿನ ಅವಧಿಯಲ್ಲಿ ಅಷ್ಟು ಓಡಾಡದಿದ್ದರೆ ಕೆಳಗಿಳಿಯುತ್ತದೆ.

ದರ್ಜೆ ಇದ್ದವರಿಗೆ ಚೆಕ್–ಇನ್‌ಗೆ ಬೇರೆ ಸಾಲು, ಹೆಚ್ಚುವರಿ ಲಗೇಜ್, ಮೇಲಿನ ದರ್ಜೆಗೆ ಲೌಂಜ್ ಪ್ರವೇಶ ಸಿಗುತ್ತದೆ. ಗಲ್ಫ್‌ನಿಂದ ಬರುವವರಿಗೆ ಲಗೇಜ್ ವಿಷಯ ಸಣ್ಣದಲ್ಲ. ಊರಿಗೆ ಬರುವಾಗ ಒಂದೊಂದು ಕಿಲೋಗೂ ತೂಕದ ಕಾಟ.

ಹಲವು ವಿಮಾನ ಕಂಪನಿಗಳು ಕೂಡಿಕೊಂಡು ಮಾಡಿದ ಕೂಟಗಳೂ ಇವೆ. 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್ ಅಂಥದ್ದು. ಏರ್ ಇಂಡಿಯಾ 2014ರ ಜುಲೈನಲ್ಲಿ ಇದಕ್ಕೆ ಸೇರಿತು. ಇದರಿಂದ ಏರ್ ಇಂಡಿಯಾದ ಸದಸ್ಯರು ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್‌ನಂಥ ಕಂಪನಿಗಳಲ್ಲಿ ಹಾರಿದರೂ ತಮ್ಮ ಖಾತೆಗೇ ಪಾಯಿಂಟ್ ಹಾಕಿಸಿಕೊಳ್ಳಬಹುದು. ಸ್ಟಾರ್ ಅಲಯನ್ಸ್ ಗೋಲ್ಡ್ ದರ್ಜೆಯವರಿಗೆ ಸಾಮಾನ್ಯವಾಗಿ 20 ಕಿಲೋ ಹೆಚ್ಚುವರಿ ಲಗೇಜ್, ಅಥವಾ ಒಂದು ಬ್ಯಾಗ್ ಹೆಚ್ಚು, ಸಿಗುತ್ತದೆ. ಒಂದು ಎಚ್ಚರಿಕೆ: ಮಂಗಳೂರಿನಿಂದ ಗಲ್ಫ್‌ಗೆ ಹಾರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅದೇ ಟಾಟಾ ಗುಂಪಿನದಾದರೂ ಸ್ಟಾರ್ ಅಲಯನ್ಸ್ ಸದಸ್ಯ ಕಂಪನಿ ಅಲ್ಲ. ಹೆಸರು ಒಂದೇ ಥರ ಇದೆ ಅಂತ ಸೌಲಭ್ಯವೂ ಒಂದೇ ಎಂದು ತಿಳಿಯಬಾರದು.

ಭಾರತದಲ್ಲಿ ಏನಾಯಿತು? ಮೂರು ಕಂಪನಿ, ಮೂರು ಕತೆ

ಪಾಯಿಂಟ್ ಎಷ್ಟು ಗಟ್ಟಿ ಎಂದು ತಿಳಿಯಲು ಹೊರದೇಶಕ್ಕೆ ಹೋಗಬೇಕಿಲ್ಲ.

ಮೊದಲನೆಯದು ಬೆಂಗಳೂರಿನ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್. 2005ರಲ್ಲಿ ಹಾರಾಟ ಆರಂಭಿಸಿದ ಈ ಕಂಪನಿಯ ಕಾರ್ಯಕ್ರಮದ ಹೆಸರು ‘ಕಿಂಗ್ ಕ್ಲಬ್’. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ್ದ ಅಗ್ಗದ ದರದ ಏರ್ ಡೆಕ್ಕನ್ ಕೂಡ ಕೊನೆಗೆ ಇದರಲ್ಲೇ ಸೇರಿತು. ಸಾಲದ ಹೊರೆಯಲ್ಲಿ 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಿತು. ವರ್ಷಗಟ್ಟಲೆ ಕೂಡಿಟ್ಟ ಕಿಂಗ್ ಮೈಲ್‌ಗಳು ಅಲ್ಲಿಗೆ ಬರೀ ಅಂಕಿಗಳಾದವು. ಸಂಬಳ ಬಾಕಿ ಉಳಿದ ನೌಕರರು, ಸಾಲ ಕೊಟ್ಟ ಬ್ಯಾಂಕುಗಳೇ ಸಾಲುಗಟ್ಟಿ ನಿಂತಿದ್ದಾಗ ಮೈಲ್ ಇದ್ದವರನ್ನು ಕೇಳುವವರು ಯಾರು?

ಎರಡನೆಯದು ಜೆಟ್ ಏರ್‌ವೇಸ್. 2019ರ ಏಪ್ರಿಲ್ 17ರಂದು ಅದರ ಹಾರಾಟವೂ ನಿಂತಿತು. ಆದರೆ ಅದರ ‘ಜೆಟ್ ಪ್ರಿವಿಲೇಜ್’ ಕಾರ್ಯಕ್ರಮ ಅಷ್ಟರಲ್ಲೇ ಬೇರೆ ಕಂಪನಿಯಾಗಿತ್ತು, ಅಬುಧಾಬಿಯ ಎತಿಹಾದ್ ಅದರಲ್ಲಿ ಹೆಚ್ಚಿನ ಪಾಲು ಹೊಂದಿತ್ತು. ಹಾಗಾಗಿ ವಿಮಾನ ನಿಂತರೂ ಖಾತೆ ಉಳಿಯಿತು. ಅದೇ ವರ್ಷ ಅದಕ್ಕೆ ‘ಇಂಟರ್‌ಮೈಲ್ಸ್’ ಎಂದು ಹೊಸ ಹೆಸರು ಬಂತು. ಪಾಯಿಂಟ್ ಇಟ್ಟುಕೊಂಡವರು ಅದನ್ನು ಬೇರೆ ಟಿಕೆಟ್, ಹೋಟೆಲ್, ಸಾಮಾನುಗಳಿಗೆ ಬಳಸಬಹುದಾಯಿತು.

ಮೂರನೆಯದು ವಿಸ್ತಾರ. 2024ರ ನವೆಂಬರ್ 12ರಂದು ಇದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ‘ಕ್ಲಬ್ ವಿಸ್ತಾರ’ ಸದಸ್ಯರ ಪಾಯಿಂಟ್‌ಗಳನ್ನು ಏರ್ ಇಂಡಿಯಾದ ಖಾತೆಗೆ ವರ್ಗಾಯಿಸಲಾಯಿತು. ಏರ್ ಇಂಡಿಯಾದ ಹಳೆಯ ‘ಫ್ಲೈಯಿಂಗ್ ರಿಟರ್ನ್ಸ್’ ಕಾರ್ಯಕ್ರಮಕ್ಕೆ ಈಗ ‘ಮಹಾರಾಜ ಕ್ಲಬ್’ ಎಂದು ಹೆಸರು.

ದೇಶದ ಅತಿ ದೊಡ್ಡ ಕಂಪನಿ ಇಂಡಿಗೋ 2006ರಿಂದ ಹಾರುತ್ತಿದ್ದರೂ ಬಹುಕಾಲ ಪೂರ್ಣ ಪ್ರಮಾಣದ ಇಂಥ ಕಾರ್ಯಕ್ರಮ ಇಟ್ಟಿರಲಿಲ್ಲ. ಕಡಿಮೆ ದರವೇ ಅದರ ಆಕರ್ಷಣೆ. 2024ರಲ್ಲಿ ‘ಬ್ಲೂಚಿಪ್’ ಹೆಸರಿನಲ್ಲಿ ಅದೂ ಶುರು ಮಾಡಿದೆ.

ಒಂದು ಕಡೆ ಪೂರ್ತಿ ಮುಳುಗಡೆ, ಒಂದು ಕಡೆ ಹೆಸರು ಬದಲಾವಣೆ, ಒಂದು ಕಡೆ ಸುರಕ್ಷಿತ ವರ್ಗಾವಣೆ. ಮೂರರಲ್ಲೂ ಪಾಯಿಂಟ್ ಇದ್ದವರ ಕೈಯಲ್ಲಿ ಏನೂ ಇರಲಿಲ್ಲ. ಕಂಪನಿ ಹೋದ ದಾರಿಯಲ್ಲಿ ಪಾಯಿಂಟ್ ಹೋಯಿತು ಅಷ್ಟೇ.

ಪಾಯಿಂಟ್ ಯಾರ ಆಸ್ತಿ?

ನಿಯಮ ಪುಸ್ತಕ ಓದಿದರೆ ಬಹುತೇಕ ಎಲ್ಲ ಕಾರ್ಯಕ್ರಮಗಳಲ್ಲೂ ಒಂದು ಸಾಲು ಇರುತ್ತದೆ: ಪಾಯಿಂಟ್ ಸದಸ್ಯರ ಆಸ್ತಿಯಲ್ಲ, ನಿಯಮ ಬದಲಿಸುವ ಹಕ್ಕು ಕಂಪನಿಯದು.

ಈ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಅಮೆರಿಕನ್ ಏರ್‌ಲೈನ್ಸ್ 1988ರಲ್ಲಿ ನಿಯಮ ಬದಲಿಸಿ, ಆಗಲೇ ಗಳಿಸಿದ್ದ ಮೈಲ್‌ಗಳಿಗೂ ಸೀಟಿನ ಮಿತಿ, ಬಳಸಬಾರದ ದಿನಗಳನ್ನು ಹೇರಿತು. ಸದಸ್ಯರು ಕೋರ್ಟಿಗೆ ಹೋದರು. 1995ರಲ್ಲಿ ಸುಪ್ರೀಂ ಕೋರ್ಟ್, ಕಂಪನಿ ತಾನೇ ಮಾಡಿಕೊಂಡ ಒಪ್ಪಂದ ಮುರಿದಿದ್ದರೆ ಅದರ ಮೇಲೆ ದಾವೆ ಹೂಡಬಹುದು ಎಂದಿತು.

ಇನ್ನೊಂದು ಪ್ರಕರಣ ಹೀಗಿದೆ. ಮಿನೆಸೋಟದ ಯಹೂದಿ ಧರ್ಮಗುರು ಒಬ್ಬರು ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಪ್ಲಾಟಿನಂ ಸದಸ್ಯರು. ಅತಿಯಾಗಿ ದೂರು ಕೊಡುತ್ತಾರೆ, ಪರಿಹಾರ ಕೇಳುತ್ತಾರೆ ಅಂತ ಹೇಳಿ ಕಂಪನಿ 2008ರಲ್ಲಿ ಅವರ ಸದಸ್ಯತ್ವವನ್ನೇ ಕಿತ್ತುಹಾಕಿತು. ಕಂಪನಿ ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಎಂಬ ಅವರ ವಾದವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ತೀರ್ಮಾನ ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂದು ನಿಯಮದಲ್ಲಿ ಮೊದಲೇ ಬರೆದಿತ್ತು.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ ನಾಲ್ಕು ದೊಡ್ಡ ವಿಮಾನ ಕಂಪನಿಗಳಿಂದ ಈ ಕಾರ್ಯಕ್ರಮಗಳ ವಿವರ ಕೇಳಿ ವಿಚಾರಣೆ ಆರಂಭಿಸಿತು. ಗಳಿಸಿದ ಪಾಯಿಂಟ್‌ಗಳ ಬೆಲೆ ಇಳಿಸುವುದು, ಬೆಲೆ ಗುಟ್ಟಾಗಿಡುವುದು ಆ ವಿಚಾರಣೆಯ ಮುಖ್ಯ ವಿಷಯ. ನಮ್ಮಲ್ಲಿ ಇಂಥ ತಕರಾರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.

ಆಫೀಸ್ ಖರ್ಚಿನ ಪ್ರಯಾಣ: ಪಾಯಿಂಟ್ ಯಾರಿಗೆ?

ಟಿಕೆಟ್ ದುಡ್ಡು ಯಾರೇ ಕೊಡಲಿ, ಪಾಯಿಂಟ್ ಸಾಮಾನ್ಯವಾಗಿ ಸೀಟಿನಲ್ಲಿ ಕೂತವರ ಹೆಸರಿಗೆ. ಜರ್ಮನಿಯಲ್ಲಿ 2002ರಲ್ಲಿ ಇದೇ ದೊಡ್ಡ ರಾದ್ಧಾಂತವಾಯಿತು. ಸರ್ಕಾರಿ ಕೆಲಸದ ಪ್ರಯಾಣದಲ್ಲಿ ಬಂದ ಮೈಲ್‌ಗಳನ್ನು ಸ್ವಂತಕ್ಕೆ ಬಳಸಿದ್ದು ಹೊರಬಿದ್ದು ಬರ್ಲಿನ್ ನಗರ ಸರ್ಕಾರದ ಸಚಿವ ಗ್ರೆಗರ್ ಗೀಸಿ ರಾಜೀನಾಮೆ ಕೊಟ್ಟರು.

ನಮ್ಮ ಕೇಂದ್ರ ಸರ್ಕಾರದ ಸೂಚನೆಯೂ ಸ್ಪಷ್ಟ. ಅಧಿಕೃತ ಪ್ರವಾಸದಲ್ಲಿ ಗಳಿಸಿದ ಪಾಯಿಂಟ್‌ಗಳನ್ನು ನೌಕರರು ಅಧಿಕೃತ ಪ್ರಯಾಣಕ್ಕೇ ಬಳಸಬೇಕು, ಸ್ವಂತಕ್ಕಲ್ಲ. ಡೀಲರ್ ಟೂರಿಗೆ ಹೋಗುವ ವ್ಯಾಪಾರಿಗಳಿಗೆ ಈ ಕಟ್ಟು ಇಲ್ಲ. ಆದರೆ ಗುಂಪಿನ ಟಿಕೆಟ್‌ಗಳಿಗೆ ಹಲವು ಕಂಪನಿಗಳು ಪಾಯಿಂಟ್ ಕೊಡುವುದಿಲ್ಲ. ಟೂರ್ ಏರ್ಪಡಿಸುವ ಏಜೆಂಟರನ್ನು ಹೊರಡುವ ಮುಂಚೆಯೇ ಕೇಳುವುದು ಸರಿ.

ಒಂದು ಪಾಯಿಂಟ್ ಎಷ್ಟು ಪೈಸೆ? ಲೆಕ್ಕ ಹೀಗೆ

‘ಫ್ರೀ ಟಿಕೆಟ್’ ಅಂದರೂ ತೆರಿಗೆ, ವಿಮಾನ ನಿಲ್ದಾಣದ ಶುಲ್ಕಗಳನ್ನು ಬಹುತೇಕ ಕೈಯಿಂದಲೇ ಕೊಡಬೇಕು. ಕೆಲವು ಕಂಪನಿಗಳು ಇಂಧನ ಸರ್‌ಚಾರ್ಜನ್ನೂ ಸೇರಿಸುತ್ತವೆ. ಹಾಗಾಗಿ ಲೆಕ್ಕ ಹಾಕುವ ಕ್ರಮ ಇದು.

ಉದಾಹರಣೆಗೆ, ಒಂದು ಟಿಕೆಟ್ ದುಡ್ಡಿಗೆ ₹7,000 ಇದೆ ಅಂತಿಟ್ಟುಕೊಳ್ಳೋಣ. ಅದೇ ಟಿಕೆಟ್ ಪಾಯಿಂಟ್‌ನಲ್ಲಿ 10,000 ಪಾಯಿಂಟ್ ಜೊತೆಗೆ ₹1,500. ಉಳಿದದ್ದು ₹5,500. ಅದನ್ನು 10,000ದಿಂದ ಭಾಗಿಸಿದರೆ ಒಂದು ಪಾಯಿಂಟ್‌ಗೆ 55 ಪೈಸೆ ಬಿತ್ತು.

ಈಗ ಕಾರ್ಡಿನ ಲೆಕ್ಕ. ₹1 ಲಕ್ಷ ಖರ್ಚಿಗೆ 1,000 ಪಾಯಿಂಟ್ ಕೊಡುವ ಕಾರ್ಡ್ ಎಂದರೆ ಅದರ ಬೆಲೆ ₹550. ಕಾರ್ಡಿನ ವಾರ್ಷಿಕ ಶುಲ್ಕ ₹3,000 ಇದ್ದರೆ, ಆ ಶುಲ್ಕ ಗಿಟ್ಟಿಸಲಿಕ್ಕೇ ವರ್ಷಕ್ಕೆ ಸುಮಾರು ₹5.45 ಲಕ್ಷ ಕಾರ್ಡಿನಲ್ಲಿ ಖರ್ಚು ಮಾಡಬೇಕು. ಆಮೇಲೆ ಬರುವುದಷ್ಟೇ ಲಾಭ.

ಇನ್ನು ಬಿಲ್ ಪೂರ್ತಿ ಕಟ್ಟದೆ ‘ಮಿನಿಮಂ ಡ್ಯೂ’ ಕಟ್ಟುವವರ ಪಾಡು ಬೇರೆ. ಎಷ್ಟೋ ಕ್ರೆಡಿಟ್ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ 40 ದಾಟುತ್ತದೆ. ₹1 ಲಕ್ಷ ಬಾಕಿಗೆ ಒಂದು ತಿಂಗಳ ಬಡ್ಡಿಯೇ ₹3,500. ಅದರಿಂದ ಬಂದ ಪಾಯಿಂಟ್ ₹550ರದ್ದು. ಬಾಕಿ ಉಳಿಸಿಕೊಳ್ಳುವವರಿಗೆ ವಿಮಾನದ ಕಾರ್ಡ್ ಎಂದೂ ಲಾಭವಲ್ಲ. ಅವರು ಕಟ್ಟಿದ ಬಡ್ಡಿಯಲ್ಲಿ ಬೇರೆ ಯಾರೋ ಹಾರುತ್ತಾರೆ.

ಯಾರಿಗೆ ಲಾಭ, ಯಾರಿಗೆ ಇಲ್ಲ?

ತಿಂಗಳಿಗೆ ಒಂದೆರಡು ಸಲ ಒಂದೇ ಕಂಪನಿಯಲ್ಲಿ ಓಡಾಡುವವರಿಗೆ ಖಂಡಿತ ಲಾಭ. ವಿದೇಶದಲ್ಲಿ ದುಡಿದು, ಪ್ರತಿ ವರ್ಷ ಹೆಂಡತಿ ಮಕ್ಕಳ ಸಮೇತ ಒಂದೇ ಕಂಪನಿಯಲ್ಲಿ ಬಂದುಹೋಗುವ ಕುಟುಂಬಗಳಿಗೂ ಲಾಭವಿದೆ. ಕೆಲವು ಕಾರ್ಯಕ್ರಮಗಳಲ್ಲಿ ಮನೆಯವರ ಪಾಯಿಂಟ್ ಒಂದೇ ಗಂಟಿಗೆ ಹಾಕುವ ಸೌಲಭ್ಯ ಇದೆ. ಎಮಿರೇಟ್ಸ್‌ನ ‘ಮೈ ಫ್ಯಾಮಿಲಿ’ ಅಂಥದ್ದು. ನಾಲ್ವರ ಬಿಡಿಬಿಡಿ ಪಾಯಿಂಟ್ ಯಾವುದಕ್ಕೂ ಸಾಲದಿದ್ದರೂ ಕೂಡಿದಾಗ ಒಂದು ಟಿಕೆಟ್ ಆಗಬಹುದು.

ಎರಡು ಮೂರು ವರ್ಷಕ್ಕೊಮ್ಮೆ, ಯಾವುದು ಅಗ್ಗವೋ ಅದರಲ್ಲಿ ಹೋಗುವವರು ಪಾಯಿಂಟಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ. ಪಕ್ಕದ ಕಂಪನಿಯ ಟಿಕೆಟ್ ₹800 ಕಡಿಮೆ ಇದ್ದರೆ ಆ ₹800 ಈಗಲೇ ಕೈಯಲ್ಲಿ. ಪಾಯಿಂಟ್ ಮುಂದೆಂದೋ ಬರುವ ಮಾತು.

ಇಷ್ಟು ನೆನಪಿರಲಿ

* ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ನಮ್ಮ ಕಡೆ ಇನಿಷಿಯಲ್ ಹಾಕುವ ರೂಢಿ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಅಥವಾ ಊರಿನ ಹೆಸರು ಪೂರ್ತಿ ಇದ್ದು, ಸದಸ್ಯತ್ವದಲ್ಲಿ ಬರೀ ಇನಿಷಿಯಲ್ ಇದ್ದರೆ ಪಾಯಿಂಟ್ ಜಮೆ ಆಗದೆ ಒದ್ದಾಡಬೇಕಾಗುತ್ತದೆ.

* ಬೋರ್ಡಿಂಗ್ ಪಾಸ್ ಎಸೆಯಬಾರದು. ಪಾಯಿಂಟ್ ಬಾರದಿದ್ದರೆ ಕೆಲವು ತಿಂಗಳೊಳಗೆ ಕ್ಲೇಮ್ ಮಾಡಬಹುದು, ಆಗ ಅದರ ವಿವರ ಬೇಕು. ಪಾಯಿಂಟ್ ಬರುವವರೆಗೆ ಮೊಬೈಲ್‌ನಲ್ಲಿ ಫೋಟೊ ಇದ್ದರೆ ಸಾಕು. ಆ ಫೋಟೊವನ್ನು ಸ್ಟೇಟಸ್‌ಗೆ ಮಾತ್ರ ಹಾಕಬಾರದು. ಅದರಲ್ಲಿರುವ ಬುಕಿಂಗ್ ಸಂಖ್ಯೆ ನೋಡಿ ಟಿಕೆಟ್ ಮೇಲೆ ಕೈಯಾಡಿಸುವವರಿದ್ದಾರೆ.

* ಟ್ರಾವೆಲ್ ಏಜೆಂಟ್ ಮೂಲಕ ಬುಕ್ ಮಾಡಿಸುವವರು ಸದಸ್ಯತ್ವದ ಸಂಖ್ಯೆ ಕೊಟ್ಟು ಹಾಕಿಸಬೇಕು. ಆ ಟಿಕೆಟ್‌ಗೆ ಪಾಯಿಂಟ್ ಇದೆಯೇ ಎಂದೂ ಕೇಳಬೇಕು. ಸ್ವಂತ ವೆಬ್‌ಸೈಟ್, ಆ್ಯಪ್‌ನಲ್ಲಿ ಬುಕ್ ಮಾಡಿದರಷ್ಟೇ ಪಾಯಿಂಟ್ ಕೊಡುವ ಕಂಪನಿಗಳೂ ಇವೆ.

* ಅವಧಿ ನೋಡಿಕೊಳ್ಳಬೇಕು. ಸಿಂಗಪುರ ಏರ್‌ಲೈನ್ಸ್‌ನ ಮೈಲ್‌ಗಳಿಗೆ ಮೂರು ವರ್ಷ ಆಯುಸ್ಸು. ಡೆಲ್ಟಾ, ಯುನೈಟೆಡ್‌ಗಳಲ್ಲಿ ಅವಧಿಯ ಮಿತಿ ತೆಗೆದಿದ್ದಾರೆ. ಒಂದೊಂದು ಕಂಪನಿಗೆ ಒಂದೊಂದು ನಿಯಮ.

* ಕೂಡಿಟ್ಟು ಬೆಳೆಯುವ ದುಡ್ಡಲ್ಲ ಇದು. ಬ್ಯಾಂಕ್ ಠೇವಣಿಗೆ ಬಡ್ಡಿ ಬರುತ್ತದೆ, ಪಾಯಿಂಟ್‌ಗೆ ಬರುವುದಿಲ್ಲ. ಈ ವರ್ಷ 10,000 ಪಾಯಿಂಟಿಗೆ ಸಿಗುವ ಸೀಟಿಗೆ ಮುಂದಿನ ವರ್ಷ 14,000 ಕೇಳಿದರೂ ಕೇಳಬಹುದು. ಒಂದು ಟಿಕೆಟ್‌ಗೆ ಆಗುವಷ್ಟು ಸೇರಿದರೆ ಬಳಸಿಬಿಡುವುದೇ ಜಾಣತನ.

* ಪಾಯಿಂಟ್ ಕೊಂಡು ಮಾರುವ ಮಧ್ಯವರ್ತಿಗಳಿಂದ ದೂರ ಇರಬೇಕು. ಬಹುತೇಕ ಕಂಪನಿಗಳ ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ. ಸಿಕ್ಕಿಬಿದ್ದರೆ ಟಿಕೆಟ್ ರದ್ದು, ಖಾತೆ ಬಂದ್.

‘ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತೆ’ ಎಂಬ ಮೆಸೇಜ್

ವಿಮಾನ ಹತ್ತದವರನ್ನೂ ಮುಟ್ಟುವ ವಿಷಯ ಇದೊಂದು. ‘ನಿಮ್ಮ ಖಾತೆಯಲ್ಲಿ ಇಷ್ಟು ಸಾವಿರ ರೂಪಾಯಿಯ ರಿವಾರ್ಡ್ ಪಾಯಿಂಟ್ ಇದೆ, ಇವತ್ತು ರಾತ್ರಿಗೆ ರದ್ದಾಗುತ್ತೆ, ಈ ಲಿಂಕ್ ಒತ್ತಿ’ ಎಂದು ಎಸ್ಸೆಮ್ಮೆಸ್, ವಾಟ್ಸ್ಆ್ಯಪ್ ಬರುತ್ತದೆ. ಲಿಂಕ್ ಒತ್ತಿದರೆ ಬ್ಯಾಂಕಿನದೇ ಎನಿಸುವ ಪುಟ ತೆರೆದುಕೊಳ್ಳುತ್ತದೆ, ಇಲ್ಲವೇ ಒಂದು ಎಪಿಕೆ ಫೈಲ್ ಮೊಬೈಲ್‌ಗೆ ಇಳಿಯುತ್ತದೆ. ಕಾರ್ಡ್ ನಂಬರ್, ಸಿವಿವಿ, ಒಟಿಪಿ ಕೊಟ್ಟರೆ ಖಾತೆ ಖಾಲಿ.

ನಿಜವಾದ ಪಾಯಿಂಟ್ ನೋಡಲು ಯಾರ ಲಿಂಕೂ ಬೇಡ. ಬ್ಯಾಂಕಿನ ಅಥವಾ ವಿಮಾನ ಕಂಪನಿಯ ಆ್ಯಪ್ ತಾವೇ ತೆರೆದು ಲಾಗಿನ್ ಆದರೆ ಅಲ್ಲೇ ಕಾಣುತ್ತದೆ. ಪಾಯಿಂಟ್ ಕೊಡಲು ಸಿವಿವಿ, ಪಿನ್ ಕೇಳುವವರು, ಫೋನಿನಲ್ಲಿ ಒಟಿಪಿ ಹೇಳಿ ಎನ್ನುವವರು ವಂಚಕರೇ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಬೇಕು. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.